ಕುಕ್ಕರಿನ ಗುಪ್ತದಾನ

ಗುಪ್ತದಾನಕ್ಕೆ ಪುಣ್ಯ ಹೆಚ್ಚು ಎಂದು ಹಿರಿಯರು ಹೇಳುತ್ತಾರೆ. ಇರಬಹುದು. ಆದರೆ ಅದನ್ನು ಮಾಡಿದವನಿಗೆ ಆಮೇಲೆ ಎಷ್ಟು ಹೊಟ್ಟೆ ಉರಿಯುತ್ತದೆ ಎಂಬುದನ್ನು ಯಾವ ಹಿರಿಯರೂ ಹೇಳಿಲ್ಲ. ನಾನು ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ: ಶಾಲಾ ಮಾಸ್ತರನಾದ ನಾನು ಕೈಬಿಚ್ಚಿ ಕೊಡುವ ಕುಳವಲ್ಲ. ವರ್ಷದ ಕೊನೆಗೆ ನಮ್ಮ ಇಳಕಲ್ಲಿನ ಓಣಿಯಲ್ಲಿ ದೇಣಿಗೆಯ ರಸೀದಿ ಪುಸ್ತಕ ಹಿಡಿದವರು ತಿರುಗತೊಡಗಿದರೆ ನನಗೆ ತಕ್ಷಣ ಸ್ನಾನದ ನೆನಪಾಗುತ್ತದೆ. "ಅವರು ಜಳಕಕ್ಕ ಹೋಗ್ಯಾರ್ರಿ" ಎಂದು ಬಾಗಿಲಲ್ಲಿ ಹೇಳಿ ಹೇಳಿ ಹೆಂಡತಿಗೆ ಸಾಕಾಗಿದೆ. ನಾನು ದಿನಕ್ಕೆ ನಾಲ್ಕು ಸಲ ಸ್ನಾನ ಮಾಡಿದ ಡಿಸೆಂಬರುಗಳೂ ಉಂಟು, ಅವಳ ಬಾಯಲ್ಲಿ.

ನಮ್ಮ ಓಣಿಯ ಶಾಂತಕ್ಕ, ಕಣ್ಣು ಮಂಜಾಗಿ ಮಗ್ಗ ಬಿಟ್ಟ ಹಿರಿಯರಿಗೆ ದಿನಾ ಮಧ್ಯಾಹ್ನ ಊಟ ಹಾಕುತ್ತಾರೆ. ಈ ಸಲ ಅವರ ದೊಡ್ಡ ಕುಕ್ಕರ್ ಕೆಟ್ಟು, ಊಟ ಮೂರು ಗಂಟೆಗೆ ಆಗತೊಡಗಿತು. ಒಂದು ದಿನ ಆ ದಾರಿಯಲ್ಲಿ ಹೋಗುವಾಗ, ಕಟ್ಟೆಯ ಮೇಲೆ ಖಾಲಿ ತಾಟು ಹಿಡಿದು ಕುಳಿತವರನ್ನು ಕಂಡೆ. ನನ್ನ ಹೆಂಡತಿಯ ಮದುವೆಯ ಸೀರೆ ನೇಯ್ದ ಅಜ್ಜನೂ ಅವರಲ್ಲಿದ್ದ. ನನಗೆ ನಿಜಕ್ಕೂ ಸಂಕಟವಾಯಿತು. ಕೊಡಲೇಬೇಕು ಎಂದುಕೊಂಡೆ. ಆದರೆ ಹೆಸರು ಹೇಳಿ ಕೊಟ್ಟರೆ ಊರಿನ ರಸೀದಿ ಪುಸ್ತಕಗಳೆಲ್ಲ ಮರುದಿನ ನನ್ನ ಬಾಗಿಲಿಗೇ ಬರುತ್ತವಲ್ಲ! ಹಾಗಾಗಿ ಗುಪ್ತದಾನ.

ಊರಲ್ಲಿ ಕೊಂಡರೆ ಗುಟ್ಟು ಉಳಿಯದೆಂದು ಬಾಗಲಕೋಟೆಗೆ ಹೋದೆ. ಪಾತ್ರೆ ಅಂಗಡಿಯವನು ಹೆಸರು ಕೊರೆಯುವ ಯಂತ್ರ ಹಿಡಿದು, "ಹೆಸರ ಏನ್ ಹಾಕ್ಲಿರಿ?" ಎಂದ. ನನ್ನ ಹೆಸರು ಆ ಹೊಳೆಯುವ ಕುಕ್ಕರಿನ ಮೇಲೆ ಎಷ್ಟು ಚಂದ ಕಾಣುತ್ತಿತ್ತು! ಮನಸ್ಸು ಗಟ್ಟಿ ಮಾಡಿ, "ಗುಪ್ತದಾನ ಅಂತ ಹಾಕ್ರಿ" ಎಂದೆ. "ಆತ್ರಿ ಗುಪ್ತಾ ಸಾಹೇಬ್ರ, ಇನಿಷಿಯಲ್ ಹೇಳ್ರಿ" ಎಂದ. ಕೊನೆಗೆ ಏನನ್ನೂ ಹಾಕಿಸದೆ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಎಲ್ಲರೂ ಕರದಂಟು ಕೊಳ್ಳಲು ಇಳಿದರೂ, ಪರಿಚಯದವರು ಕಂಡಾರೆಂದು ನಾನು ಕುಕ್ಕರಿನ ಹಿಂದೆ ಮುಖ ಮರೆಸಿಕೊಂಡು ಕುಳಿತೆ. ಮರುದಿನ ನಸುಕಿನಲ್ಲಿ ಅದನ್ನು ಶಾಂತಕ್ಕನ ಬಾಗಿಲಲ್ಲಿಟ್ಟು ಓಡಿಬಂದೆ.

ಭಾನುವಾರ ಕುಕ್ಕರ್ ಕೊಟ್ಟವರಿಗೆ ಸನ್ಮಾನ ಮಾಡಲೆಂದು ಶಾಂತಕ್ಕನ ಮನೆ ಮುಂದೆ ಓಣಿಯವರೆಲ್ಲ ಸೇರಿದರು. ಅಜ್ಜಂದಿರು ಹನ್ನೆರಡಕ್ಕೇ ಉಂಡು ತೇಗುತ್ತಿದ್ದರು. ಅಷ್ಟಕ್ಕೇ ನಾನು ತೃಪ್ತನಾಗಬೇಕಿತ್ತು. ಆಗಲಿಲ್ಲ. ಒಂದೇ ಒಂದು ಸಲ ಈ ಓಣಿ ನನ್ನನ್ನು ಒಳ್ಳೆಯವನೆಂದು ಹೇಳಲಿ ಎಂಬ ಆಸೆ ಬಿಡಲೇ ಇಲ್ಲ. ಅಷ್ಟರಲ್ಲಿ ಶಾಂತಕ್ಕ, "ಕೊಟ್ಟ ಪುಣ್ಯಾತ್ಮ ಇಲ್ಲೇ ಅದಾನ, ನಮಗ ಗೊತ್ತೈತಿ" ಎಂದು ಸೀರೆ ವ್ಯಾಪಾರಿ ಹುಸೇನಸಾಬರ ಕಡೆ ನೋಡಿದರು. ಅವರು ಗಾಬರಿಯಾಗಿ, "ಖರೇನ ನಾ ಅಲ್ರಿ!" ಎಂದರು. "ಕೊಟ್ಟವರು ಹಿಂಗ ಅಂತಾರ" ಎಂದು ಜನ ಚಪ್ಪಾಳೆ ತಟ್ಟಿ ಶಾಲು ಹೊದಿಸಿಯೇಬಿಟ್ಟರು. ಅಲ್ಲಲ್ಲ ಎಂದರೆ ಹೌದೆಂದು ನಂಬುತ್ತಾರೆ! ನಾನೂ ಎದ್ದು ನಿಂತು, ತಲೆ ತಗ್ಗಿಸಿ, ಆದಷ್ಟು ವಿನಯದಿಂದ, "ನಾನೂ ಅಲ್ರಿ" ಎಂದೆ.

"ಅದು ಗೊತ್ತೈತ್ರಿ ಸರ್, ಕುಂಡ್ರರಿ" ಎಂದರು ಶಾಂತಕ್ಕ.

ಸಭೆ ಮುಗಿದ ಮೇಲೆ ತಡೆಯಲಾರದೆ ಹುಸೇನಸಾಬರನ್ನು ಬದಿಗೆ ಕರೆದು ನಿಜ ಹೇಳಿಬಿಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನನಗ ಗೊತ್ತಿತ್ರಿ. ಅವತ್ತು ಅಮೀನಗಡದಾಗ ಬಸ್ಸಿನ್ಯಾಗ ಕುಕ್ಕರ್ ಹಿಂದ ನಿಮ್ಮನ್ನ ನೋಡೀನಿ" ಎಂದರು.

"ಮತ್ತ ಹೇಳಬಾರದೇನ್ರಿ?"

"ಮುಂಜಾನೆನ ಎಲ್ಲಾರಿಗೂ ಹೇಳೀನ್ರಿ. ನಿಮ್ಮ ಹೆಸರ ತಗದಕೂಡ್ಲೆ ನಕ್ಕಬಿಟ್ರು. 'ತಾವು ಕೊಟ್ಟು ಮಾಸ್ತರ ಹೆಸರ ಹೇಳ್ತಾರ, ಎಷ್ಟ ದೊಡ್ಡ ಮನಸ ನೋಡ್ರಿ' ಅಂದ್ರು. ಅದಕ್ಕ ಈ ಶಾಲು."

ಪಾಪ, ಅವರು ಶಾಲು ತೆಗೆದು ನನಗೇ ಹೊದಿಸಲು ಬಂದರು. ಕೈಮುಗಿದು ಬೇಡವೆಂದೆ. ಅದನ್ನು ಹೊದ್ದು ನಾನು ಓಣಿಯಲ್ಲಿ ನಡೆದರೆ, ಹುಸೇನಸಾಬರು ನನಗೂ ಏನೋ ದಾನ ಮಾಡಿದ್ದಾರೆ ಎಂದು ಜನ ಮತ್ತೊಮ್ಮೆ ಅವರಿಗೇ ಚಪ್ಪಾಳೆ ತಟ್ಟುತ್ತಿದ್ದರು.