ಅಡುಗೆಮನೆಯಿಂದ ಬಂದ ನನ್ನ ಸ್ವಭಾವ

ನನಗೂ ಸ್ವಭಾವ ಎಂಬುದೊಂದು ಇರಬೇಕೆಂದು ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನನಗಿದ್ದದ್ದು ಬಿಪಿ, ಚಷ್ಮಾ ಮತ್ತು ನಾಶಿಕದ ಹತ್ತಿರ ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ನೌಕರಿ. ಬೇರೆಯವರು ತಯಾರಿಸಿದ ಬಿಡಿಭಾಗಗಳನ್ನು ಅಳೆದು ಇದು ಪಾಸು, ಇದು ಫೇಲು ಎನ್ನುತ್ತ ಇಪ್ಪತ್ತಮೂರು ವರ್ಷ ಕಳೆದವನಿಗೆ ತನ್ನನ್ನೇ ಅಳೆದುಕೊಳ್ಳುವ ಪ್ರಸಂಗ ಬಂದಿರಲಿಲ್ಲ. ನಮ್ಮ ಗದಗಿನ ಕಡೆ ಒಬ್ಬನ ಸ್ವಭಾವ ತಿಳಿಯಬೇಕಾದರೆ ಅವನನ್ನೇ ಕೇಳುವ ಪದ್ಧತಿ ಇಲ್ಲ, ಬಾಜೂದವರನ್ನು ಕೇಳುತ್ತಾರೆ. ನನ್ನ ಮದುವೆಯ ಮಾತು ನಡೆದಾಗ ಮಾವನವರು ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಅರ್ಧ ತಾಸು ಕೂತು "ಹುಡುಗ ಹ್ಯಾಂಗ್ರಿ?" ಎಂದು ವಿಚಾರಿಸಿದ್ದರಂತೆ. ಅಂಗಡಿಯವ, "ಬಾಳ ಸಂಭಾವಿತ್ರಿ. ಏನ ಕೇಳಿದ್ರೂ ಅವ್ವನ್ನ ಕೇಳಿ ಬರ್ತೀನಿ ಅಂತಾನ" ಎಂದನಂತೆ. ಮಾವ ಅದನ್ನು ಸದ್ಗುಣವೆಂದು ತಿಳಿದು ಮಗಳನ್ನು ಕೊಟ್ಟರು. ಮಗಳು ಅದನ್ನು ಏನೆಂದು ತಿಳಿದಳೋ, ಇಪ್ಪತ್ತೆರಡು ವರ್ಷವಾಯಿತು, ಬಾಯಿ ಬಿಟ್ಟಿಲ್ಲ.

ಈಗಿನವರಿಗೆ ಕಿರಾಣಿ ಅಂಗಡಿಯ ಹಂಗಿಲ್ಲ. ಫೋನು ಅರವತ್ತು ಪ್ರಶ್ನೆ ಕೇಳುತ್ತದೆ, ಕೊನೆಗೆ ನೀವು ಇಂಥವರು ಎಂದು ಚಿತ್ರಸಮೇತ ತೀರ್ಪು ಕೊಡುತ್ತದೆ. ಈ ರೋಗವನ್ನು ಮನೆಗೆ ತಂದವಳು ಕಾಲೇಜಿಗೆ ಹೋಗುವ ನನ್ನ ಮಗಳು ಶ್ರಾವಣಿ. ಹುಟ್ಟಿ ಬೆಳೆದದ್ದು ನಾಶಿಕದಲ್ಲಾದ್ದರಿಂದ ಅವಳ ಕನ್ನಡಕ್ಕೆ ಮರಾಠಿಯ ಒಗ್ಗರಣೆ ಬಿದ್ದಿರುತ್ತದೆ. "ಪಪ್ಪಾ, ನಂದು 'ಕನಸುಗಾರ' ಟೈಪ್ ಬಂತು. ಬಘಾ ನಾ, ನೋಡ್ರಿ, ಅಗದೀ ನನ್ನ ಹಾಂಗೇ ಬರದಾರ!" ಎಂದು ಕುಣಿದಳು. ನಾಲ್ಕು ದಿನದಲ್ಲಿ ಇಡೀ ಬಿಲ್ಡಿಂಗಿಗೆ ಹಬ್ಬಿತು. ಲಿಫ್ಟಿನಲ್ಲಿ ಸಿಕ್ಕವರು "ಊಟ ಆಯಿತೇ" ಎನ್ನುವ ಬದಲು "ನಿಮ್ಮದು ಯಾವುದು ಬಂತು" ಎನ್ನತೊಡಗಿದರು. ದಿಂಡೋರಿಯಲ್ಲಿ ದ್ರಾಕ್ಷಿ ತೋಟವಿರುವ ಕೆಳಮನೆಯ ಕಾಕು ಎಂಬ ಹಿರಿಯ ಹೆಂಗಸು, ನೀರಿನ ಟಾಕಿಯ ವಿಷಯಕ್ಕೆ ಇಡೀ ಸೊಸೈಟಿಯನ್ನು ನಡುಗಿಸಿದವರು, ನಾಲ್ಕು ಸಲ ಪರೀಕ್ಷೆ ಕೊಟ್ಟು ಐದನೆಯ ಸಲಕ್ಕೆ 'ಶಾಂತಿದೂತ' ಎಂಬ ಫಲಿತಾಂಶ ಗಿಟ್ಟಿಸಿಕೊಂಡು, ಅದನ್ನು ಒಪ್ಪದವರೊಡನೆ ಜಗಳಕ್ಕೆ ನಿಂತರು.

ಆದರೂ ಈ ಪರೀಕ್ಷೆಗಳ ಮೇಲೆ ನನಗೆ ಗೌರವ ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ನೀವೇ ಹೇಳಿ, ನಿಮ್ಮನ್ನು ಕೂರಿಸಿಕೊಂಡು ಅರವತ್ತು ಪ್ರಶ್ನೆ ಕೇಳಿ, ಒಂದು ಉತ್ತರಕ್ಕೂ "ಹಾಂಗಲ್ಲ ಅದು" ಎನ್ನದವರು ನಿಮ್ಮ ಬಳಗದಲ್ಲಿ ಎಷ್ಟು ಜನರಿದ್ದಾರೆ? ಅದರಲ್ಲಿ ಹದಿನಾರು ಬಗೆಯ ಮನುಷ್ಯರಿದ್ದಾರೆ, ಹದಿನಾರರಲ್ಲಿ ಒಬ್ಬನೂ ಸೋಮಾರಿಯಲ್ಲ, ಒಬ್ಬನೂ ಹೊಟ್ಟೆಕಿಚ್ಚಿನವನಲ್ಲ. ಮೊಂಡನಿಗೆ ದೃಢಮನಸ್ಕ ಎನ್ನುತ್ತಾರೆ, ಮಾತುಗುಳಿಗೆ ಸ್ನೇಹಜೀವಿ. ಇಷ್ಟು ಒಳ್ಳೆಯ ಮನಸ್ಸಿನಿಂದ ಮನುಷ್ಯರನ್ನು ನೋಡುವುದು ನಮ್ಮ ಸೋದರಮಾವಂದಿರಿಗೆ ಸಾಧ್ಯವಾಗಲಿಲ್ಲ.

ಇಷ್ಟರಲ್ಲಿ ಕಾರ್ಖಾನೆಯಲ್ಲೂ ಅದೇ ಗಾಳಿ ಬೀಸಿತು. ಛತ್ರಪತಿ ಸಂಭಾಜಿನಗರದಲ್ಲಿ ಹೊಸ ಘಟಕ ಶುರುವಾಗುವುದಿತ್ತು. ಅದಕ್ಕೊಬ್ಬ ಮುಖ್ಯಸ್ಥ ಬೇಕು. ನಮ್ಮ ದೊಡ್ಡ ಸಾಹೇಬರು ಆರು ಜನ ಹಿರಿಯರನ್ನು ಕರೆದು, ಎಲ್ಲರೂ ಈ ಪರೀಕ್ಷೆ ಕೊಡಿ, ನಾಯಕತ್ವದ ಗುಣ ಯಾರಲ್ಲಿದೆ ನೋಡೋಣ ಎಂದರು. ನನಗೆ ಆ ಹುದ್ದೆ ಬೇಕಿತ್ತು. ಬಾಯಿಬಿಟ್ಟು ಹೇಳಲು ನಾಚಿಕೆ, ಆದರೆ ಬಹಳ ಬೇಕಿತ್ತು. ಇಪ್ಪತ್ತಮೂರು ವರ್ಷ ನಾನು ಯಾರದೋ ಸಹಾಯಕನಾಗಿದ್ದೆ. ನನ್ನ ಕೈಕೆಳಗೆ ಕಲಿತ ಇಬ್ಬರು ನನಗೆ ಸಾಹೇಬರಾಗಿ, ಅವರಲ್ಲೊಬ್ಬರು ನಿವೃತ್ತಿಯನ್ನೂ ಹೊಂದಿದ್ದರು.

ಭಾನುವಾರ ಮುಂಜಾನೆ ಪರೀಕ್ಷೆಗೆ ಕೂತೆ. ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು. ನಮ್ಮಲ್ಲಿ ಯಾವುದೇ ಅರ್ಜಿ ಬರಲಿ, ರೇಷನ್ ಕಾರ್ಡಿರಲಿ, ಬ್ಯಾಂಕಿನದಿರಲಿ, ಮಗಳ ಶಾಲೆಯದಿರಲಿ, ನಾನು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ, ಹೆಂಡತಿ ಸುಮಿತ್ರಾ ಅಡುಗೆಮನೆಯಿಂದ ಉತ್ತರ ಹೇಳುತ್ತಾಳೆ, ನಾನು ಬರೆಯುತ್ತೇನೆ. ಬರೆಯುವ ಕೆಲಸ ನನ್ನದಾದ್ದರಿಂದ ಅರ್ಜಿ ತುಂಬುವವನು ನಾನೇ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅಂದೂ ಅಭ್ಯಾಸಬಲದಿಂದ ಒಂದೊಂದೇ ಇಂಗ್ಲಿಷ್ ಪ್ರಶ್ನೆಯನ್ನು ಕನ್ನಡ ಮಾಡಿ ಓದತೊಡಗಿದೆ.

"ನಿರ್ಧಾರ ಮಾಡಿದ ಮೇಲೆ ಅದರ ಬಗ್ಗೆ ಬಹಳ ಯೋಚಿಸುತ್ತೀರಾ?"

"ಮಾಡೂದ ಮಾಡಿ, ಆಮ್ಯಾಲ ಎಂಥಾ ಯೋಚನಿ?" ಎಂದಳು ರೊಟ್ಟಿ ಬಡಿಯುತ್ತ. 'ಇಲ್ಲ' ಎಂಬುದನ್ನು ಒತ್ತಿದೆ. ಮೂರು ವರ್ಷದ ಹಿಂದೆ ಕೊಂಡ ಫ್ಯಾನು ಬಿಳಿ ಬಣ್ಣದ್ದಾಗಿರಬೇಕಿತ್ತೋ ಏನೋ ಎಂದು ನಾನು ಈಗಲೂ ಮಲಗಿ ನೋಡುತ್ತಿರುತ್ತೇನೆ. ಅದು ಆಗ ನೆನಪಾಗಲೇ ಇಲ್ಲ.

"ಅಪರಿಚಿತರ ಜೊತೆ ಮಾತಾಡಲು ಹಿಂಜರಿಯುತ್ತೀರಾ?"

"ಮಾತಾಡಿದ ಮ್ಯಾಲ ಅವರು ಪರಿಚಿತರಾದ್ರಲ್ರಿ?"

"ಜೊತೆಯವರು ತಪ್ಪು ಮಾಡಿದರೆ ಸುಮ್ಮನಿರುತ್ತೀರಾ?"

"ಸುಮ್ಮನ ಯಾಕ ಇರಬೇಕು? ಹೇಳಬೇಕು. ಆದರ ನಾಕ ಮಂದ್ಯಾಗ ಅಲ್ಲ, ಬಾಜೂಕ ಕರದು."

ಹೀಗೆ ಅರವತ್ತು ಪ್ರಶ್ನೆಗೆ ಇಪ್ಪತ್ತು ರೊಟ್ಟಿ ಆದವು. ಫಲಿತಾಂಶ ಬಂತು: 'ಸಾರಥಿ'. ಚಿತ್ರದಲ್ಲಿ ಎದೆಯೆತ್ತಿ ನಿಂತ ಒಬ್ಬ ಮನುಷ್ಯ. ಗೊಂದಲದಲ್ಲಿ ದಾರಿ ಕಾಣುವವರು, ಕಡಿಮೆ ಮಾತಿನಲ್ಲಿ ಹೆಚ್ಚು ಕೆಲಸ ಮಾಡಿಸುವವರು, ಇವರಿದ್ದ ಕಡೆ ಉಳಿದವರು ನಿಶ್ಚಿಂತರು ಎಂದೆಲ್ಲ ಇತ್ತು. ಓದುತ್ತ ಓದುತ್ತ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಆರು ಜನರಲ್ಲಿ ಸಾರಥಿ ಬಂದದ್ದು ನನಗೊಬ್ಬನಿಗೇ ಎಂದು ಮರುದಿನ ತಿಳಿಯಿತು. ಸಾಹೇಬರು ಬೆನ್ನು ತಟ್ಟಿ, ಸಂಭಾಜಿನಗರದಲ್ಲಿ ಎಲ್ಲ ಘಟಕಗಳ ಆಯ್ದ ಜನರಿಗೆ ಒಂದು ದಿನದ ಶಿಬಿರವಿದೆ, ಬನ್ನಿ ಎಂದರು.

ಮನೆಗೆ ಬಂದು ಹೇಳಿದಾಗ ಮಗಳು ಫೋನು ಕಸಿದುಕೊಂಡು ಫಲಿತಾಂಶ ಓದಿದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಫೋನು ನೋಡಿದಳು. "ಪಪ್ಪಾ, ಹೇ ಕಾಯ, ಇದೇನು? ಇದು ಮಮ್ಮಿದು ಐತಿ!" ಎಂದಳು. ನಾನು ಗದರಿಸಲು ಹೊರಟಾಗ ಅಡುಗೆಮನೆಯ ರೊಟ್ಟಿ ಬಡಿತ ನೆನಪಾಯಿತು. ಸುಮಿತ್ರಾ ಕೈ ಒರೆಸಿಕೊಂಡು ಬಂದು ಫೋನು ತೆಗೆದುಕೊಂಡು, ಮಗಳಿಂದ ಅರ್ಥ ಕೇಳಿಕೊಳ್ಳುತ್ತ ಪೂರಾ ಓದಿಸಿಕೊಂಡಳು. "ಇಷ್ಟೆಲ್ಲಾ ನಾನ ಏನು?" ಎಂದಳು. ಅಷ್ಟೇ. ಅವಳ ಮುಖದಲ್ಲಿ ಬಂದುಹೋದ ಆ ಖುಷಿಯನ್ನು ನೋಡಿ ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಇದರಲ್ಲಿ ಒಂದು ಸಾಲನ್ನಾದರೂ ನಾನು ಅವಳಿಗೆ ಹೇಳಿರಲಿಲ್ಲ. "ಸಾಹೇಬರಿಗೆ ಖರೇ ಹೇಳಿ ಬಿಡಲೇನು?" ಎಂದೆ. "ಅದನ್ನೂ ನನಗ ಕೇಳ್ತೀರೇನು?" ಎಂದು ಒಳಗೆ ಹೋದಳು. ನಾನು ಹೇಳದೆಯೇ ಶಿಬಿರಕ್ಕೆ ಹೋದೆ.

ಅಲ್ಲಿ ಒಂದೊಂದು ಸ್ವಭಾವದವರಿಗೆ ಒಂದೊಂದು ಟೇಬಲ್. ಬೇರೆ ಬೇರೆ ಘಟಕಗಳಿಂದ ಬಂದ ನಾಲ್ವರು ಸಾರಥಿಗಳ ನಡುವೆ ನಾನು, ಇನ್ನೊಬ್ಬರ ಟಿಕೆಟ್ಟಿನಲ್ಲಿ ಪ್ರಯಾಣ ಮಾಡುವವನಂತೆ ಕೂತೆ. ನಾಲ್ವರೂ ಎಂಥ ಜನ! ಕುರ್ಚಿ ಎಳೆದುಕೊಳ್ಳುವುದರಲ್ಲೇ ಅಧಿಕಾರ ಕಾಣುತ್ತಿತ್ತು. ಒಂದು ಗಂಟೆಗೆ ಸುದ್ದಿ ಬಂತು: ಊಟ ತರುವ ಗಾಡಿ ಸಿಲ್ಲೋಡ್ ರಸ್ತೆಯಲ್ಲಿ ಕೆಟ್ಟು ನಿಂತಿದೆ, ನಾಲ್ಕರವರೆಗೆ ಬರುವುದಿಲ್ಲ. ಹಸಿದ ನಲವತ್ತು ಜನ. ಶಿಬಿರ ನಡೆಸುತ್ತಿದ್ದ ಮೇಡಂ ನಕ್ಕು, "ಸಾರಥಿಗಳೇ, ಇದು ನಿಮ್ಮ ಪರೀಕ್ಷೆ" ಎಂದರು. ಹಿಂದಿನ ಸಾಲಿನಲ್ಲಿ ನಮ್ಮ ಸಾಹೇಬರು ಕೈಕಟ್ಟಿ ನೋಡುತ್ತಿದ್ದರು.

ನಾಲ್ವರು ಸಾರಥಿಗಳು ಒಟ್ಟಿಗೇ ಎದ್ದರು. ಒಬ್ಬರು ಸಮಿತಿ ಮಾಡೋಣ ಎಂದರು. ಇನ್ನೊಬ್ಬರು ಬೋರ್ಡಿನ ಮೇಲೆ ನಕ್ಷೆ ಬರೆದರು. ಮೂರನೆಯವರು ನಕ್ಷೆ ಅಳಿಸಿದರು. ಯಾರೂ ಯಾರ ಮಾತನ್ನೂ ಕೇಳಲಿಲ್ಲ. ಅದು ಅವರ ಟೈಪಿನಲ್ಲಿ ಇರಲಿಲ್ಲವೋ ಏನೋ. ನಾನು ಹೊರಗೆ ವರಾಂಡಾಕ್ಕೆ ಹೋಗಿ ಮನೆಗೆ ಫೋನು ಮಾಡಿದೆ.

"ಮೊದಲ ಎಲ್ಲಾರಿಗೂ ಮಜ್ಜಿಗಿ ತರಿಸಿ ಕೊಡ್ರಿ," ಎಂದಳು ಸುಮಿತ್ರಾ. "ಹೊಟ್ಯಾಗ ಏನರೆ ಬಿದ್ದರ ಒದರೂದು ಕಡಿಮಿ ಆಕ್ಕೈತಿ. ಮತ್ತ ಮುಂಜಾನಿ ಫೋನ್ ಮಾಡಿದಾಗ ಹೇಳಿದ್ರಲ್ಲ, ಶಿಬಿರದ ಬಾಜೂಕ ವಿಜಾಪುರದ ಮಂದಿ ಕಟ್ಟಡದ ಕೆಲಸ ಮಾಡಾಕತ್ತಾರ ಅಂತ? ಅವರು ಎಲ್ಲಿ ಉಣ್ತಾರ ಕೇಳ್ರಿ."

ಮಜ್ಜಿಗೆ ತರಿಸಲು ಹೇಳಿ, ಇಟ್ಟಿಗೆ ಹೊರುತ್ತಿದ್ದ ಹೆಣ್ಣುಮಗಳನ್ನು ಕೇಳಿದೆ. ನನ್ನ ಇಸ್ತ್ರಿ ಅಂಗಿ ನೋಡಿ ಹಿಂದಿಯಲ್ಲಿ ಉತ್ತರಿಸಲು ಹೊರಟವಳು ನನ್ನ ಕನ್ನಡ ಕೇಳಿ ಬುಟ್ಟಿ ಇಳಿಸಿ ನಕ್ಕಳು. "ಹಿಂದಿನ ಓಣ್ಯಾಗ ಇಂಡಿ ಕಡೆ ಆಯಿದು ಖಾನಾವಳಿ ಐತ್ರಿ ಅಣ್ಣಾರ" ಎಂದಳು. ಖಾನಾವಳಿಯ ಮುದುಕಿ ಆಯಿ ನನ್ನ ಗಾಬರಿಯನ್ನು ನೋಡಿ, "ನಲವತ್ತ ಮಂದಿ? ಅಷ್ಟ ಏನು? ಇಲ್ಲೆ ದಿನಾ ನೂರಾ ಮಂದಿ ಉಣ್ತಾರೊ ಎಪ್ಪಾ, ಹೋಗು, ಕೈಕಾಲು ತೊಳಕೊಳ್ಳಾಕ ಹೇಳು ಅವರಿಗೆ" ಎಂದಳು. ಎರಡು ಹೊಡೆಯುವುದರೊಳಗೆ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕಾ, ಶೇಂಗಾ ಚಟ್ನಿ, ಹೆಚ್ಚಿದ ಉಳ್ಳಾಗಡ್ಡಿ ಬಂದವು. ಹದಿನಾರು ಸ್ವಭಾವದವರೂ ಒಂದೇ ರೀತಿ ಉಂಡರು. ಸಮಿತಿಯವರು ಎರಡು ಸಲ ಹಾಕಿಸಿಕೊಂಡರು.

ವಾಪಸು ಬರುವಾಗ ಸಾಹೇಬರ ಕಾರಿನಲ್ಲೇ ಕೂತಿದ್ದೆ. ದಾರಿಯ ಯೇವಲಾ ಊರು ಬರುವವರೆಗೂ ಅವರು ನನ್ನನ್ನು ಹೊಗಳಿದರು. ಇನ್ನು ತಡೆಯಲಾಗಲಿಲ್ಲ. ಪರೀಕ್ಷೆಯ ಉತ್ತರ, ಮಜ್ಜಿಗೆ, ಖಾನಾವಳಿ ಎಲ್ಲವೂ ನನ್ನ ಹೆಂಡತಿಯದು, ನನ್ನದು ಬರೀ ಬೆರಳು ಎಂದು ಮರಾಠಿಯಲ್ಲಿ ತೊದಲಿದೆ. ಅವರು ಮುಖ ತಿರುಗಿಸಿ ಕಿಟಕಿಯ ಗಾಜು ಇಳಿಸಿದರು. ಹುದ್ದೆ ಹೋಯಿತು ಎಂದುಕೊಂಡೆ. ಆಮೇಲೆ, "ಅಲ್ಲಿ ಐದು ಜನ ಇದ್ದಿರಿ. ತನಗೆ ತಿಳಿಯುತ್ತಿಲ್ಲ, ತಿಳಿದವರನ್ನು ಕೇಳಬೇಕು ಅಂತ ಅನಿಸಿದ್ದು ಎಷ್ಟು ಜನಕ್ಕೆ?" ಎಂದರು. ಪರೀಕ್ಷೆಯ ಫಲಿತಾಂಶ ಅಳಿಸಿಹಾಕುತ್ತೇನೆ, ನಿಮ್ಮ ನೇಮಕದ ಆದೇಶ ಕಳಿಸುತ್ತೇನೆ ಎಂದರು. ದೊಡ್ಡ ಮನುಷ್ಯ. ನನಗೆ ಕಣ್ಣು ಮಂಜಾಯಿತು.

ಆದೇಶದ ಜೊತೆ ಒಂದು ಫಾರ್ಮೂ ಬಂತು. ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ತೀರ್ಮಾನವಾಗಿತ್ತು. ಮಗಳ ಕಾಲೇಜು ಮುಗಿಯುವವರೆಗೆ, ಎಂದರೆ ಎರಡು ವರ್ಷ, ಸುಮಿತ್ರಾ ನಾಶಿಕದಲ್ಲೇ ಇರುವುದು, ನಾನೊಬ್ಬನೇ ಹೋಗುವುದು. "ಹ್ಯಾಂಗ ಇರಲೆ ಅಲ್ಲಿ?" ಎಂದೆ. "ಖಾನಾವಳಿ ಐತಲ್ಲ" ಎಂದಳು. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಫಾರ್ಮು ಹಿಡಿದು ಪಡಸಾಲೆಯಲ್ಲಿ ಕೂತು ಗಂಟಲು ಸರಿಮಾಡಿಕೊಂಡೆ. ಒಳಗಿನಿಂದ, "ಇದೊಂದು ನೀವ ತುಂಬ್ರಿ. ಇನ್ನ ರೂಢಿ ಮಾಡಿಕೊಳ್ರಿ" ಎಂದು ಧ್ವನಿ ಬಂತು.

ತುಂಬಿದೆ. ಜೀವನದಲ್ಲಿ ಮೊದಲ ಸಲ ಒಬ್ಬನೇ, ಬಾಯಿ ಮುಚ್ಚಿಕೊಂಡು ತುಂಬಿದೆ. ಎಲ್ಲ ಖಾನೆಯಲ್ಲೂ ಪೆನ್ನು ತಡೆದು ತಡೆದು ನಡೆಯಿತು, ಒಂದರಲ್ಲಿ ಮಾತ್ರ ತಡೆಯಲಿಲ್ಲ. ತುರ್ತು ಸಂದರ್ಭದಲ್ಲಿ ಯಾರನ್ನು ಕರೆಯಬೇಕು ಎಂದು ಅದರಲ್ಲಿತ್ತು. ಅವಳ ಹೆಸರನ್ನೂ ನಂಬರನ್ನೂ ಒಂದೇ ಉಸಿರಿಗೆ ಬರೆದು, ಈ ಉತ್ತರವಾದರೂ ಪೂರ್ತಿ ನನ್ನದೆಂಬ ಅಭಿಮಾನದಿಂದ ಒಯ್ದು ಅವಳಿಗೆ ತೋರಿಸಿದೆ.

ಅವಳು ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ, "ಅಲ್ರಿ, ಈ ನಂಬರ್ ಯಾರದು?" ಎಂದಳು.

"ನಿಂದ."

"ನಂದು ಕಡೀಕ ಎಂಟು ಆರು. ನೀವು ಆರು ಎಂಟು ಬರದೀರಿ. ಅಲ್ಲೆ ನಿಮಗೇನರೆ ಆದ್ರ, ಯಾರದೋ ಹೆಂಡ್ತಿ ಓಡಿ ಬರಬೇಕೇನು?"

ಪೆನ್ನು ಕಸಿದುಕೊಂಡು ತಿದ್ದಿದಳು. ತಿದ್ದುತ್ತಿದ್ದಂತೆ ಮೇಲಿನ ಎರಡು ಖಾನೆಗಳನ್ನೂ ಸರಿಮಾಡಿದಳು. "ಸಹಿ ಅರೆ ನೀವ ಮಾಡ್ರಿ" ಎಂದು ಪೆನ್ನು ವಾಪಸು ಕೊಟ್ಟಳು. ಮಾಡಿದೆ. ಎಲ್ಲಿ ಮಾಡಬೇಕೆಂದು ಅವಳೇ ಬೆರಳಿಟ್ಟು ತೋರಿಸಿದಳು.