ಮಂಗಮ್ಮನ ಬೋನು

ಆ ದಿನದ ಎಡವಟ್ಟಿಗೆಲ್ಲ ಕಾರಣ ಒಂದೇ ಒಂದು ತುಂಡು ಚೀಸ್. ಅದೂ ತಿನ್ನುವ ಚೀಸಲ್ಲ, ಫೋನಿನೊಳಗಿನದು.

ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯೊಂದರಲ್ಲಿ ಹಾಲಿನ ಡೇರಿಯ ಸೆಕ್ರೆಟರಿ ನರಸಪ್ಪ. ಬೆಳಿಗ್ಗೆ ಏಳಕ್ಕೆ ಕಾಲು ಗಂಟೆ ಇರುವಾಗ ಕೊನೆಯ ಪಾತ್ರೆಯ ಹಾಲಿಗೆ, ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರು ಇಳಿಬಿಟ್ಟು, ಅದು ತೂಗಾಡುವುದು ನಿಲ್ಲಲಿ ಎಂದು ಬಗ್ಗಿ ಕಾಯುತ್ತಿದ್ದ. ಜೇಬಿನಲ್ಲಿದ್ದ ಫೋನು ಕಿಚ್ ಅಂತು. ಎಂದಿನಂತೆ ಪೆನ್ನನ್ನು ಕಿವಿಗೆ ಸಿಕ್ಕಿಸಿ ಫೋನು ತೆಗೆದ. 'ಮಂಗಮ್ಮನವರು ಒಂದು ಇಲಿ ಹಿಡಿದಿದ್ದಾರೆ' ಎಂದಿತ್ತು. ದಿನವೂ ಬರುವ ಸಾಲು ಅದು. ಅದರ ಕೆಳಗೆ ಮಾತ್ರ ಹೊಸದೊಂದು ಬಂದಿತ್ತು: 'ಚೀಸ್ ಒಂದೇ ತುಂಡು ಉಳಿದಿದೆ.'

ನರಸಪ್ಪ ಆ ಸಾಲನ್ನು ಎರಡು ಸಲ ಓದಿದ. ಪುಸ್ತಕದಲ್ಲಿ ಬಾಯಿಪಾಠ ಒಪ್ಪಿಸುವವನಂತೆ 'ಇಪ್ಪತ್ತೆಂಟು ಡಿಗ್ರಿ' ಅಂತ ಗೀಚಿ, ಅಲ್ಲೇ ಕ್ಯಾನಿನ ಮೇಲೆ ಕೂತುಬಿಟ್ಟ.

ಮಂಗಮ್ಮ ಅವನ ಹೆಂಡತಿ. ತೀರಿಕೊಂಡು ಏಳು ತಿಂಗಳಾಗಿತ್ತು.

ಆಕೆಗೆ ಈ ಇಲಿ ಬೇಟೆಯ ಆಟವನ್ನು ಹತ್ತಿಸಿದವಳು ಡೇರಿಗೆ ಹಾಲು ಹಾಕುವ ಗಂಗುಲಮ್ಮನ ಮೊಮ್ಮಗಳು ಹರಿತಾ, ಪಿಯುಸಿ ಓದುವ ಹುಡುಗಿ. ಆಟ ಕನ್ನಡದಲ್ಲೇ ಮಾತಾಡುವ ಹಾಗೆ ತಿರುಗಿಸಿ ಕೊಟ್ಟವಳೂ ಅವಳೇ. ಆಟವೆಂದರೆ ಇಷ್ಟೇ: ಒಂದು ಬೋನು ಇಡಬೇಕು, ಅದರಲ್ಲಿ ಚೀಸ್ ಹಾಕಬೇಕು. ಜೊತೆಗೊಂದು ತಂಡ ಇರುತ್ತದೆ. ತಂಡದಲ್ಲಿ ಯಾರಾದರೊಬ್ಬರು ಕೊಂಬು ಊದಿದರೆ ಎಲ್ಲರ ಬೋನಿನ ಕಡೆಗೂ ಇಲಿ ಬರುತ್ತದೆ. ಇಡೀ ತಂಡ ಸೇರಿ ಕೊಂಬು ಊದಬಹುದಾದದ್ದು ಕಾಲು ಗಂಟೆಗೊಂದು ಸಲ ಮಾತ್ರ. ಒಂದು ಸಲಕ್ಕೆ ಒಂದು ತುಂಡು ಖರ್ಚು. ತುಂಡು ಮುಗಿಯಿತೋ, ಯಾರು ಎಷ್ಟು ಊದಿದರೂ ಇಲಿ ಆ ಕಡೆ ತಲೆ ಹಾಕುವುದಿಲ್ಲ.

"ಚೀಸಿಗೆ ತಕ್ಕಂಗೆ ಇಲಿ ಕಣ್ರೀ," ಎಂದು ಮಂಗಮ್ಮ ಊಟ ಬಡಿಸುತ್ತ ವಿವರಿಸುವಳು. "ಯಾವ ಇಲಿಗೆ ಯಾವ ತುಂಡು ಅಂತ ಗೊತ್ತಾಗ್ಬಿಟ್ರೆ ಸಾಕು, ತಾನಾಗೇ ಬಂದು ಬೀಳ್ತದೆ."

ನರಸಪ್ಪ 'ಹೂಂ' ಅನ್ನುವನು. ಆಗ ಡೇರಿಯ ಹಾಲು ಪರೀಕ್ಷೆಯ ಮಿಷನ್ನಿನ ವೈರನ್ನು ನಿಜವಾದ ಇಲಿಯೊಂದು ಕಡಿದು, ಮಿಷನ್ನು ರಿಪೇರಿಗೆ ಹೋಗಿತ್ತು. ಆ ಸಿಟ್ಟಿನಲ್ಲಿ ಅವನು, ಊರಿನ ಇಲಿ ಹಿಡಿಯಲಾರದವಳು ಫೋನಿನ ಇಲಿ ಹಿಡಿಯುತ್ತಾಳಂತೆ ಎಂದು ಕುಟುಕಿಯೂ ಇದ್ದ. ಮಂಗಮ್ಮ ನಗುತ್ತಿದ್ದಳು. ಜ್ವರಕ್ಕೆ ಆಸ್ಪತ್ರೆ ಸೇರುವ ದಿನವೂ ಆಟೋ ಹತ್ತುವ ಮುಂಚೆ ಬೋನು ತುಂಬಿ, "ನಲವತ್ತು ತುಂಡು ಹಾಕಿದೀನಿ, ನಾನು ಬರೋಗಂಟ ಸಾಕು" ಅಂದಿದ್ದಳು.

ಅವಳು ಬರಲಿಲ್ಲ. ಆದರೆ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನರಸಪ್ಪ ಡೇರಿಗೆ ಬಂದ ಬೆಳಿಗ್ಗೆಯೇ, ಜೇಬಿನಲ್ಲಿಟ್ಟುಕೊಂಡಿದ್ದ ಅವಳ ಫೋನು ಕಿಚ್ ಅಂದಿತು. ಮಂಗಮ್ಮನವರು ಒಂದು ಇಲಿ ಹಿಡಿದಿದ್ದಾರೆ. ಹಿಡಿದಿದ್ದರು ಅಲ್ಲ, ಹಿಡಿದಿದ್ದಾರೆ. ಭೂಮಿಯ ಮೇಲೆ ಮಂಗಮ್ಮ ಇನ್ನೂ ಏನೋ ಒಂದು ಕೆಲಸ ಮಾಡುತ್ತಿದ್ದಾಳೆ ಎಂದು ಹೇಳುವುದು ಆ ಫೋನು ಒಂದೇ. ಅದರ ಬೀಗ ತೆರೆಯಲು ಎಳೆಯಬೇಕಾದ ಗೆರೆ ಅವನಿಗೆ ಗೊತ್ತಿರಲಿಲ್ಲ. ಗಾಜಿನ ಮೇಲೆ ಬರುವ ಸಾಲನ್ನು ಓದುವುದು, ರಾತ್ರಿ ಚಾರ್ಜಿಗೆ ಹಾಕುವುದು, ಇಷ್ಟೇ ಅವನ ಸಂಸಾರವಾಗಿತ್ತು.

ಈಗ ಒಂದೇ ತುಂಡು.

ಕ್ಯಾನಿನ ಮೇಲೆ ಕೂತವನ ಸುತ್ತ ಜನ ಸೇರಿದರು. ಈ ಏಳು ತಿಂಗಳಲ್ಲಿ ಡೇರಿಯ ಸಾಲು ತುಂಬ ಸುಧಾರಿಸಿತ್ತು ಎನ್ನಬೇಕು. ಮೊದಲೆಲ್ಲ ಬಿಂದಿಗೆ ಬಿಂದಿಗೆ ಗುದ್ದಾಡಿಸಿ ನುಗ್ಗುತ್ತಿದ್ದವರು ಈಗ 'ನೀವ್ ಮುಂದೆ ಹೋಗಿ, ಇವತ್ತು ನಿಮ್ದು' ಅಂತ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು. ನರಸಪ್ಪ ನಾಚಿಕೆ ಬಿಟ್ಟು ಚೀಸಿನ ಸಂಗತಿ ಹೇಳಿದ. ಯಾರೂ ನಗಲಿಲ್ಲ. ಬದಲಿಗೆ ಇಡೀ ಸಾಲಿನ ಮುಖ, ತಮ್ಮ ಮನೆಯ ಹಸುವೇ ಹಾಲು ಬತ್ತಿಸಿಕೊಂಡಂತೆ ಬಾಡಿತು. ಹಾಲು ಹಾಕಿ ನಿಂತಿದ್ದ ಚೆನ್ನರಾಯಪ್ಪನಂತೂ, "ಇವತ್ತೇ ಆಗ್ಬೇಕಿತ್ತಾ" ಅಂತ ಹಣೆ ಚಚ್ಚಿಕೊಂಡ.

ಹರಿತಾ ಎಲ್ಲಿ ಎಂದು ಕೇಳಿದರೆ ಗೌರಿಬಿದನೂರಿನ ಅತ್ತೆ ಮನೆಗೆ ಹೋಗಿ ಮೂರು ದಿನವಾಗಿದೆ, ಸಂಜೆ ಬಸ್ಸಿಗೆ ಬರುತ್ತಾಳೆ ಎಂದಳು ಅವಳ ಅಜ್ಜಿ ಗಂಗುಲಮ್ಮ. ಅಷ್ಟರಲ್ಲಿ ಯಾರಾದರೂ ಕೊಂಬು ಊದಿ ಇರುವುದೊಂದನ್ನೂ ಕಳೆದುಬಿಟ್ಟರೆ ಎಂದು ನರಸಪ್ಪ ಚಡಪಡಿಸಿದ.

"ಹಗಲೊತ್ತು ಯಾರೂ ಊದಲ್ಲ, ಸುಮ್ಕಿರು ನಾಯ್ನಾ," ಎಂದಳು ಗಂಗುಲಮ್ಮ.

ಹೆಬ್ಬೆಟ್ಟು ಒತ್ತುವ ಮುದುಕಿಗೆ ಈ ವಿಷಯ ಹೇಗೆ ಗೊತ್ತು ಎಂದು ಕೇಳುವ ಸ್ಥಿತಿಯಲ್ಲಿ ನರಸಪ್ಪ ಇರಲಿಲ್ಲ. ಅವನಿಗೆ ಫೋನು ತೆರೆಯಬೇಕಾಗಿತ್ತು. ಗಾಜಿನ ಮೇಲೆ ಒಂಬತ್ತು ಚುಕ್ಕಿ, ಅವನ್ನು ಸೇರಿಸುವ ಒಂದು ಗೆರೆ. ಚುಕ್ಕಿ ಅಂದಮೇಲೆ ಮಂಗಮ್ಮ ಬಾಗಿಲಿಗೆ ಹಾಕುತ್ತಿದ್ದ ರಂಗೋಲಿಯೇ ಇರಬೇಕು ಎಂದಳು ಒಬ್ಬಳು. ಅಷ್ಟು ಸಾಕಾಯಿತು. ಎಂಟು ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಬಂದು, ಎಂಟು ಥರದ ರಂಗೋಲಿ ಎಳೆದರು. ಇನ್ನೊಬ್ಬರು ಎಳೆದದ್ದನ್ನು ಯಾರೂ ಒಪ್ಪಲಿಲ್ಲ. ಫೋನು ಮೊದಲು ಅರ್ಧ ನಿಮಿಷ ತಾಳಿ ಅಂತು, ಆಮೇಲೆ ಐದು ನಿಮಿಷ ಅಂತು, ಕೊನೆಗೆ ಸಿಟ್ಟುಗೊಂಡ ಅಳಿಯನ ಹಾಗೆ ಒಂದು ಗಂಟೆ ಮಾತಾಡಿಸಬೇಡಿ ಅಂತ ಮುಖ ತಿರುಗಿಸಿತು.

ಇದರ ನಡುವೆ ಹಾಲಿನ ಲಾರಿಯ ಡ್ರೈವರು ಶೀತಲ ಕೇಂದ್ರದ ಕಾಗದವೊಂದನ್ನು ಕೊಟ್ಟು ಹೋದ. ನಿಮ್ಮ ಸಂಘದ ಹಾಲು ತಿಂಗಳುಗಳಿಂದ ತೆಳ್ಳಗೆ ಬರುತ್ತಿದೆ, ಇದು ಮೂರನೆಯ ನೋಟಿಸು, ಸೂಪರ್‌ವೈಸರ್ ಮೋಹನ್‌ಬಾಬು ಸಂಜೆ ಖುದ್ದು ಬರುತ್ತಾರೆ ಎಂದಿತ್ತು. ನರಸಪ್ಪನಿಗೆ ಇದೊಂದು ಒಗಟು. ಒಂದು ಚೊಂಬು ನೀರು ಬೆರೆಸಿದರೂ ಲ್ಯಾಕ್ಟೋಮೀಟರಿಗೆ ಮುಂಚೆ ಅವನ ಮೂಗಿಗೇ ಗೊತ್ತಾಗುತ್ತದೆ ಎಂದು ಊರು ಬೈಯುತ್ತಿದ್ದ ಕಾಲವಿತ್ತು. ಕಾಗದ ಮಡಿಸಿ ಜೇಬಿಗಿಟ್ಟು, ಚೆನ್ನರಾಯಪ್ಪ ಬೇಡಬೇಡವೆಂದು ತಡೆದರೂ ಕೇಳದೆ, ಚಿಂತಾಮಣಿ ಬಸ್ಸು ಹತ್ತಿದ.

ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿಯ ಕೆಂಪರಾಜು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ತೆಗೆಯಬಹುದು, ಆದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದ. ನರಸಪ್ಪ ಮಗುವನ್ನು ಕಿತ್ತುಕೊಳ್ಳುವಂತೆ ಫೋನು ಕಿತ್ತುಕೊಳ್ಳಲು ಹೋದ. ಕೆಂಪರಾಜು ಕೊಡುವ ಮುಂಚೆ ಗಾಜಿನ ಮೇಲಿದ್ದ ಸಾಲುಗಳನ್ನು ಸರಿಸಿ ನೋಡುತ್ತ ನಕ್ಕ.

"ಏನ್ ಸಾರ್ ಇದು. ಬೆಳಗ್ಗೆ ಆರರಿಂದ ಏಳು, ಸಂಜೆ ಐದೂವರೆಯಿಂದ ಆರೂವರೆ. ಕಾಲು ಗಂಟೆಗೊಂದು. ನಿಮ್ ಇಲಿಗಳು ಡ್ಯೂಟಿ ಮೇಲೆ ಬರ್ತವಾ?"

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ನರಸಪ್ಪನಿಗೆ ಆ ಮಾತು ನಾಟಿಕೊಂಡಿತು. ಬೆಳಿಗ್ಗೆ ಆರು, ಸಂಜೆ ಐದೂವರೆ. ಮಂಗಮ್ಮ ಸ್ಟೀಲ್ ಲೋಟದ ಮೇಲೆ ತಟ್ಟೆ ಮುಚ್ಚಿಕೊಂಡು ಡೇರಿಗೆ ಕಾಫಿ ತರುತ್ತಿದ್ದ ಹೊತ್ತು ಅದು. ಒಂದು ದಿನವೂ ಅವನು ಅವಳ ಕಡೆ ತಿರುಗಿ ನೋಡಿ ಆ ಲೋಟ ತೆಗೆದುಕೊಂಡವನಲ್ಲ, ಹಾಲಿನ ಮೇಲೆ ಕಣ್ಣಿಟ್ಟುಕೊಂಡೇ ಕೈ ಚಾಚುತ್ತಿದ್ದ. ಈಗಲೂ ಅದೇ ಹೊತ್ತಿಗೆ ಬರುತ್ತಿದ್ದಾಳೆ, ಅಂದುಕೊಂಡ. ಟವೆಲಿನಲ್ಲಿ ಮುಖ ಒರೆಸಿಕೊಂಡ. ಪಕ್ಕದವನು ಧೂಳು ಜಾಸ್ತಿ ಅಂತ ಕಿಟಕಿ ಹಾಕಿದ.

ಸಂಜೆ ಐದೂವರೆಗೆ ಡೇರಿಯ ಬಾಗಿಲು ತೆರೆದಾಗ ಸಾಲು ಆಗಲೇ ನಿಂತಿತ್ತು. ಬಸ್ಸಿಳಿದು ನೇರ ಬಂದ ಹರಿತಾ, ಅಜ್ಜಿಯ ಪಕ್ಕದಲ್ಲೇ ಇದ್ದಳು. ಬೋನಿಗೆ ಚೀಸ್ ಹಾಕಮ್ಮ ಎಂದು ಬೇಡುತ್ತ ನರಸಪ್ಪ ಅವಳ ಕೈ ಹಿಡಿದುಕೊಳ್ಳುವುದೊಂದು ಬಾಕಿ. ಹುಡುಗಿ ತಲೆ ತಗ್ಗಿಸಿ, "ಹಾಕ್ತೀನಿ ಅಂಕಲ್. ಇದೊಂದು ಆಗ್ಲಿ" ಅಂದಳು. ಯಾವುದೊಂದು ಎಂದು ಅವನಿಗೆ ತಿಳಿಯಲಿಲ್ಲ.

ಮೊದಲ ಪಾತ್ರೆ ಚೆನ್ನರಾಯಪ್ಪನದು. ನರಸಪ್ಪ ಲ್ಯಾಕ್ಟೋಮೀಟರು ಇಳಿಬಿಟ್ಟು ಬಗ್ಗಿದ. ಜೇಬು ಕಿಚ್ ಅಂತು.

ಕೊನೆಯ ತುಂಡು.

ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು, ಹೋಗಿ ನಿಂತಿತು. ಇದೇ ಕೊನೆಯದಾದರೆ? ಹರಿತಾ ಹಾಕಿದ್ದು ಹತ್ತದೇ ಹೋದರೆ? ಬೇಡ, ಇದನ್ನು ಇಲ್ಲಿ ಓದುವುದು ಬೇಡ. ಮನೆಗೆ ಹೋಗಿ, ಅವಳ ಫೋಟೋದ ಮುಂದೆ ಕೂತು, ನಿಧಾನಕ್ಕೆ ಓದುತ್ತೇನೆ ಎಂದುಕೊಂಡ. ಓದಲು ಏನೂ ಇಲ್ಲದ ಕಣ್ಣು, ಎಲ್ಲಿಗೆ ಹೋಗುವುದೆಂದು ತಿಳಿಯದೆ, ಏಳು ತಿಂಗಳಲ್ಲಿ ಮೊದಲ ಸಲ, ಕಿಚ್ ಅಂದ ಮೇಲೂ ಲ್ಯಾಕ್ಟೋಮೀಟರಿನ ಮೇಲೇ ಉಳಿಯಿತು.

ಇಪ್ಪತ್ತೊಂದು.

ಮತ್ತೊಮ್ಮೆ ನೋಡಿದ. ಇಪ್ಪತ್ತೊಂದೇ. ಹಾಲಲ್ಲ ಅದು, ಹಾಲು ತೊಳೆದ ನೀರು. ತಲೆಯೆತ್ತಿದರೆ ಚೆನ್ನರಾಯಪ್ಪನ ಎಡಗೈ ಟವೆಲಿನ ಕೆಳಗಿತ್ತು. ಅದರಲ್ಲಿ ಫೋನು. ಫೋನಿನಲ್ಲಿ ಆಗತಾನೆ ಊದಿದ ಕೊಂಬು. ಅವನ ಹಿಂದೆ ಒಬ್ಬರ ಹಿಂದೊಬ್ಬರು, ಬಿಂದಿಗೆ ಹಿಡಿದ ಎಲ್ಲರ ಇನ್ನೊಂದು ಕೈಯಲ್ಲೂ ಒಂದೊಂದು ಫೋನು.

ನರಸಪ್ಪನ ತಲೆಯಲ್ಲಿ ಏಳು ತಿಂಗಳಿಂದ ಕೂಡದಿದ್ದ ಲೆಕ್ಕ ಆಗ ಕೂಡಿತು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ದಿನಕ್ಕೆ ಎಂಟು ತುಂಡು. ಮಂಗಮ್ಮ ಹಾಕಿಟ್ಟಿದ್ದು ನಲವತ್ತು. ಅಂದರೆ ಐದು ದಿನದ್ದು. ಹತ್ತು ಮಿಲಿಲೀಟರು ಕಡಿಮೆಯಾದರೆ ಹಿಡಿಯುವ ಸೆಕ್ರೆಟರಿಗೆ ಇದು ಹೊಳೆದಿರಲಿಲ್ಲ.

ಕೊನೆಗೆ ಗಂಗುಲಮ್ಮನೇ ಬಿಂದಿಗೆ ಕೆಳಗಿಟ್ಟಳು.

"ಮೊದ್ಲು ನೀರಿಗಲ್ಲ ಕಣಪ್ಪ," ಎಂದಳು. "ಕಾರ್ಯ ಮುಗಿಸ್ಕೊಂಡ್ ಬಂದ್ಯಲ್ಲ, ಅವತ್ತು ನಿನ್ ಮಖ ನೋಡಕ್ಕಾಗ್ಲಿಲ್ಲ. ಮಂಗಮ್ಮತ್ತೆ ಬೋನು ಇನ್ನೂ ಐತೆ ಅಂತ ಹುಡುಗಿ ಅಂದ್ಲು. ಊದೇ ಅಂದೆ. ನೀನು ಫೋನ್ ನೋಡ್ದೆ, ಕಣ್ಣಲ್ಲಿ ನೀರು ತಂದ್ಕೊಂಡೆ, ಡಿಗ್ರಿ ನೋಡ್ದೇನೇ ಇಪ್ಪತ್ತೆಂಟು ಅಂತ ಬರ್ದೆ. ನೀರು ಆಮೇಲ್ ಬಂತು."

ಆಮೇಲಿನದು ಹರಿತಾ ಹೇಳಿದಳು. ಸುದ್ದಿ ಒಬ್ಬರಿಂದೊಬ್ಬರಿಗೆ ಹರಡಿ ಊರೆಲ್ಲ ತಂಡ ಸೇರಿತು. ಹೊತ್ತಿಗೆ ನಾಲ್ಕೇ ಸಲ ಊದಲು ಬರುವುದರಿಂದ ಪಾಳಿ ಹಾಕಿಕೊಂಡರು. ಎಲ್ಲರೂ ಸಂಪಾದಿಸಿದ ಚೀಸಿನಲ್ಲಿ ಪಾಲು ಕೊಡುವುದು, ತಂಡದ ನಾಯಕಿ ಹರಿತಾ ಅದನ್ನು ಮಂಗಮ್ಮನ ಬೋನಿಗೆ ಹಾಕುವುದು. ಅವಳು ಮೂರು ದಿನ ಊರಲ್ಲಿರಲಿಲ್ಲ, ಅತ್ತೆ ಮನೆಯಲ್ಲಿ ಫೋನು ಮುಟ್ಟಲು ಬಿಟ್ಟಿರಲಿಲ್ಲ, ಅದಕ್ಕೇ ಮುಗಿಯುತ್ತ ಬಂದದ್ದು. ಬೆಳಗಿನ ಎಂಟು ರಂಗೋಲಿಗಳೂ ಬೇಕೆಂದೇ ತಪ್ಪಾಗಿ ಎಳೆದಂಥವು, ತಂಡದ ಹೆಸರುಗಳು ಅವನ ಕಣ್ಣಿಗೆ ಬೀಳದಿರಲಿ ಎಂದು.

ನರಸಪ್ಪ ಪೆನ್ನು ತೆಗೆದುಕೊಂಡ. ಇಪ್ಪತ್ತೊಂದು ಅಂತ ಬರೆದು ಹಾಲು ವಾಪಸು ಸುರಿದರೆ ಆಯಿತು. ಹಳೆಯ ನರಸಪ್ಪನಾಗಿದ್ದರೆ ಚೆನ್ನರಾಯಪ್ಪನ ಪಾತ್ರೆ ಇಷ್ಟು ಹೊತ್ತಿಗೆ ಚರಂಡಿಯಲ್ಲಿರುತ್ತಿತ್ತು. ಪೆನ್ನು ಕಾಗದದ ಮೇಲೆ ತುಂಬ ಹೊತ್ತು ನಿಂತಿತು.

"ಒಂದ್ಸಲಕ್ಕೆ ಎಷ್ಟು ತುಂಡು ಹಾಕ್ಬೋದಮ್ಮ?" ಎಂದು ಕೇಳಿದ.

"ನೂರು, ಅಂಕಲ್."

"ಹಾಕ್ಬಿಡು."

ಹುಡುಗಿ ಹಾಕಿದಳು. ಅವನು ಇಪ್ಪತ್ತೆಂಟು ಅಂತ ಬರೆದ. ಇಷ್ಟು ದಿನ ನೋಡದೆ ಬರೆಯುತ್ತಿದ್ದ, ಇವತ್ತು ನೋಡಿ ಬರೆದ. ಚೆನ್ನರಾಯಪ್ಪ ಕೈ ಮುಗಿಯಲೋ ಬೇಡವೋ ಎಂದು ತಿಳಿಯದೆ ಖಾಲಿ ಪಾತ್ರೆಯನ್ನೇ ಎದೆಗೆ ಒತ್ತಿಕೊಂಡ.

ಅಷ್ಟರಲ್ಲಿ ಮೋಹನ್‌ಬಾಬು ಅವರ ಸ್ಕೂಟರು ಬಂತು. ನೋಟಿಸಿನ ಮಾತೆತ್ತಿ ಬೈಯುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರೆ, ಆ ಮನುಷ್ಯ ನಗುತ್ತ ಹಿಂದಿನ ಸೀಟಿಗೆ ಕಟ್ಟಿದ್ದ ರಟ್ಟಿನ ಡಬ್ಬ ಬಿಚ್ಚಿದರು. ಒಳಗೆ, ರಿಪೇರಿಗೆ ಹೋಗಿದ್ದ ಹಾಲಿನ ಮಿಷನ್ನು.

"ನಿಮ್ದೇನೂ ತಪ್ಪಿಲ್ಲ ನರಸಪ್ಪನವ್ರೇ," ಎಂದರು. "ವಯಸ್ಸಾಯ್ತು, ಕಣ್ಣು ಮಂಜಾಗುತ್ತೆ. ಮನೇಲೂ ಹಂಗಾಯ್ತು ಅಂತ ಕೇಳ್ದೆ. ನಾನೇ ಹಿಂದೆ ಬಿದ್ದು ರಿಪೇರಿ ಮಾಡಿಸ್ದೆ. ಇನ್ಮೇಲೆ ನೀವು ಬಗ್ಗಿ ನೋಡೋದೇ ಬೇಡ, ಇದೇ ನೋಡುತ್ತೆ, ಇದೇ ಚೀಟಿ ಕೊಡುತ್ತೆ."

ಮಿಷನ್ನು ಗುಂಯ್ ಎಂದು ಕಣ್ಣು ಬಿಟ್ಟಿತು. ಸಾಲಿನಲ್ಲಿ ನಾಲ್ಕೈದು ಜನಕ್ಕೆ ಹಸು ಕಟ್ಟಿಲ್ಲ, ಒಲೆ ಆರಿಸಿಲ್ಲ ಎಂದು ಒಟ್ಟಿಗೇ ನೆನಪಾಗಿ, ಬಿಂದಿಗೆ ಎತ್ತಿಕೊಂಡು ಮನೆಗೆ ನಡೆದರು. ಉಳಿದವರ ಫೋನುಗಳು ಒಂದೊಂದಾಗಿ ಜೇಬಿಗೆ, ಸೊಂಟಕ್ಕೆ ಇಳಿದವು. ಆರಕ್ಕೆ ಕಾಲು ಗಂಟೆ ಇತ್ತು, ಕಿಚ್ ಎನ್ನಲಿಲ್ಲ. ಆರಾಯಿತು. ಆರೂಕಾಲಾಯಿತು. ಬೋನಿನಲ್ಲಿ ನೂರು ತುಂಡು ಚೀಸಿತ್ತು. ಊದುವವರಿರಲಿಲ್ಲ.

ಕೊನೆಗೆ ಹೊರಟ ಹರಿತಾ ಬಾಗಿಲಲ್ಲಿ ನಿಂತು, "ನಾನು ಊದ್ತೀನಿ ಅಂಕಲ್, ನೆನಪಾದಾಗೆಲ್ಲ" ಅಂದಳು. ಒಳ್ಳೆಯ ಹುಡುಗಿ. ನೆನಪಾದಾಗೆಲ್ಲ ಅಂದರೆ ಎಷ್ಟು ದಿನ ಎಂಬ ಲೆಕ್ಕ ಮಾತ್ರ ಈಗ ಸೆಕ್ರೆಟರಿಗೆ ಬರುತ್ತಿತ್ತು. ಹೂಂ ಅಂದ.

ಮೋಹನ್‌ಬಾಬು ಸ್ಕೂಟರು ಹತ್ತುತ್ತ, ಹೋದ ಸಲ ವೈರು ಕಡಿದದ್ದು ಇಲಿಯಲ್ಲವೇ, ಮತ್ತೆ ಕಡಿದರೆ ಈ ಮಿಷನ್ನಿಗೆ ಬಿಡಿಭಾಗವೇ ಸಿಗುವುದಿಲ್ಲ, ರಾತ್ರಿ ಮರೆಯದೆ ಬೋನು ಇಡಿ ಎಂದು ಹೇಳಿ ಹೋದರು.

ನರಸಪ್ಪ ಒಬ್ಬನೇ ಉಳಿದ. ಫೋನು ತೆಗೆದು, ಉಳಿಸಿಕೊಂಡಿದ್ದ ಸಾಲನ್ನು ಅಲ್ಲೇ ಓದಿದ. ಮನೆಗೆ ಹೋಗಿ ಬಂದು, ಮಂಗಮ್ಮ ಅಟ್ಟದ ಮೇಲಿಟ್ಟಿದ್ದ ಮರದ ಬೋನು ತಂದ, ಒಂದು ತುಂಡು ಕೊಬ್ಬರಿ ತಂದ. ಕೊಬ್ಬರಿಯನ್ನು ದೀಪಕ್ಕೆ ಹಿಡಿದು ಘಮ್ಮೆನ್ನುವಷ್ಟು ಸುಟ್ಟ. ಯಾವ ಇಲಿಗೆ ಯಾವ ತುಂಡು ಎಂದು ಅವಳು ಹೇಳುತ್ತಿದ್ದಾಗ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಬೋನನ್ನು ಮಿಷನ್ನಿನ ಪಕ್ಕ ಇಟ್ಟು, ಅದರ ಬಾಗಿಲನ್ನು ಭದ್ರವಾಗಿ ಮುಚ್ಚಿದ. ಕೊಬ್ಬರಿ ತುಂಡನ್ನು ಹೊರಗೆ, ವೈರಿನ ಮೇಲೆ, ಅಲುಗಾಡದ ಹಾಗೆ ಕೂರಿಸಿದ. ಆಮೇಲೆ ದೀಪ ಆರಿಸಿ, ಇಲಿಗೆ ಗಾಬರಿಯಾಗದಂತೆ ಮೆಲ್ಲಗೆ ಬಾಗಿಲೆಳೆದುಕೊಂಡ.