ಗೇರಿನ ಹಲ್ಲು ಹೋಯಿತೆಂದು ನಂಬಿಸಿದ ಉಸ್ತಾದರಿಗೆ

ದಿಲ್‌ಸುಖ್‌ನಗರದ ಬೇವಿನ ಮರದಡಿಯ ಗ್ಯಾರೇಜಿನ ಸರ್ವಾಧಿಕಾರಿಗಳೂ, ಇಂಜಿನ್ನುಗಳ ನಾಡಿ ಬಲ್ಲವರೂ, ಬಾಯಿತುಂಬ ಪಾನ್ ಇರುವ ಕಾರಣ ಮಿತಭಾಷಿಗಳೂ ಆದ ಗೌಸ್ ಉಸ್ತಾದರ ಸನ್ನಿಧಿಗೆ, ಹಳೆಯ ಗಿರಾಕಿ ವೈಜನಾಥನು ಸಕಲ ಮರ್ಯಾದೆಗಳೊಂದಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮಾನ್ಯರೇ, ಅಬಿಡ್ಸ್‌ನ ಇರಾನಿ ಹೋಟೆಲಿನಲ್ಲಿ ಭಾನುವಾರಗಳಂದು ಸೇರುವ ನಮ್ಮ ಕನ್ನಡಿಗರ ಕಾರು ಮಂಡಳಿಯಲ್ಲಿ, ಚಹಾ ತಣ್ಣಗಾದರೂ ಬಿಸಿ ಆರದ ವಿಷಯವೆಂದರೆ ಊರಿನ ಮೆಕ್ಯಾನಿಕ್‌ಗಳ ಯೋಗ್ಯತೆ. ಅಲ್ಲಿ ತಮ್ಮ ಹೆಸರನ್ನು ಎತ್ತಿ ಹಿಡಿದವನು ನಾನೊಬ್ಬನೇ. ನನ್ನ ಭಾವಮೈದುನ ಜಯತೀರ್ಥ ಉಪ್ಪಲ್‌ನವನೊಬ್ಬನನ್ನು ಹೊಗಳಿದಾಗಲೆಲ್ಲ, "ನಮ್ಮ ಉಸ್ತಾದರ ಮುಂದ ಅವ ಇನ್ನೂ ಪಂಕ್ಚರ್ ಹಾಕಾಂವ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಮಂಡಳಿಯವರೆಲ್ಲ ಕುಟುಂಬಸಮೇತ ಬೀದರಿಗೆ ಸಾಲಾಗಿ ಕಾರು ಓಡಿಸಿಕೊಂಡು ಹೋಗುವುದೆಂದು ಗೊತ್ತಾದಾಗ, ಸಾಲಿನ ಮುಂದೆ ನನ್ನ ಗಾಡಿಯೇ ಇರಬೇಕೆಂದು ಹಟ ಹಿಡಿದು ಒಪ್ಪಿಸಿದ್ದೂ ತಮ್ಮ ಬಲದಿಂದಲೇ.

ಹೊರಡುವ ಹಿಂದಿನ ದಿನ ಗಾಡಿಯನ್ನು ತಮಗೆ ತೋರಿಸಲು ತಂದೆ. ತಾವು ಪಕ್ಕದಲ್ಲಿ ಕುಳಿತು, ನಾನು ಓಡಿಸುವ ವೈಖರಿಯನ್ನು ಒಂದು ಸುತ್ತು ನೋಡಿ, ಬೆವರೊರೆಸಿಕೊಂಡು, ಗೇರಿನ ಹಿಡಿಯ ಮೇಲೆ ಕೈಯಿಟ್ಟು "ಹಲ್ಲೂ, ಸಾಬ್, ಹಲ್ಲೂ" ಎಂದಿರಿ. ಇಷ್ಟು ವರ್ಷ ದಖನಿ ಉರ್ದುವಿನಲ್ಲೇ ಗದರಿದ ಉಸ್ತಾದರು ನನಗೋಸ್ಕರ ಕನ್ನಡ ಕಲಿತರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ತಾವು ಅಷ್ಟು ಹೇಳಿ ಯಾರದೋ ಮದುವೆಯ ಬಿರಿಯಾನಿಗೆ ಹೊರಟುಬಿಟ್ಟದ್ದರಿಂದ, ಗೇರಿನ ಹಲ್ಲು ಹೋಗಿದೆಯೆಂದು ನಂಬಿದ ನಾನು ಗತಿಯಿಲ್ಲದೆ ಆ ಉಪ್ಪಲ್‌ನವನ ಕೈಯಿಂದಲೇ ಗೇರ್‌ಬಾಕ್ಸ್ ಬಿಚ್ಚಿಸಿದೆ. ಹಲ್ಲುಗಳೆಲ್ಲ ಮದುಮಗನ ಹಲ್ಲಿನಂತೆ ಹೊಳೆಯುತ್ತಿದ್ದವು. ಬಿಚ್ಚಿದ್ದನ್ನು ಕೂಡಿಸುವ ವಿದ್ಯೆ ಮಾತ್ರ ಅವನಿಗೆ ಅಂದು ಒಲಿಯಲಿಲ್ಲ.

ಹೀಗಾಗಿ ಸಾಲಿನ ಮುಂದಿರಬೇಕಾದ ನಾನು ಜಯತೀರ್ಥನ ಕಾರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬುತ್ತಿಯ ಗಂಟು ಇಟ್ಟುಕೊಂಡು ಹೊರಟೆ. ಜಹೀರಾಬಾದಿನಲ್ಲಿ ಚಹಾಕ್ಕೆ ನಿಂತಾಗ, ತಾವು ಕೈಯಿಟ್ಟೊಡನೆ ಗಾಡಿಯ ರೋಗ ಪತ್ತೆಹಚ್ಚಿದ ಬಗೆಯನ್ನು ಇಡೀ ಮಂಡಳಿಗೆ ವರ್ಣಿಸಿದೆ. ತರಕಾರಿ ಬಂಡಿಯವರೊಡನೆ ದಿನವೂ ದಖನಿಯಲ್ಲಿ ಚೌಕಾಸಿ ಮಾಡುವ ನನ್ನ ಹೆಂಡತಿ ಮಂದಾಕಿನಿ ಕಪ್ಪನ್ನು ಕೆಳಗಿಟ್ಟು, "ಹಲ್ಲೂ ಅಂದ್ರ ಅವರ ಮಾತಿನ್ಯಾಗ ಮೆಲ್ಲಕ ಅಂತರಿ. ಗಾಡಿ ಮೆಲ್ಲಕ ಹೊಡೀರಿ ಅಂದಾರ" ಎಂದಳು. ಅಲ್ಲಿಂದ ಬೀದರಿನವರೆಗೂ ಮಂಡಳಿಯವರ ಹಲ್ಲುಗಳನ್ನು ನೋಡುವ ಭಾಗ್ಯ ನನ್ನದಾಯಿತು. ನನಗೆ ಬಹಳ ಅವಮಾನವಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಗಾಡಿಯನ್ನು ತೋರಿಸಿದರೆ ಓಡಿಸುವವನಿಗೆ ಪಥ್ಯ ಹೇಳುವ ವೈದ್ಯರು ಆಂಧ್ರ ಪ್ರದೇಶದ ಈ ರಾಜಧಾನಿಯಲ್ಲಿ ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆ ಪದವನ್ನು ಸರಕಾರಿ ಗೆಜೆಟ್ಟಿನ ಮೂಲಕ ದಖನಿಯಿಂದ ತೆಗೆಸಿಹಾಕಬೇಕು. ಅದು ಆಗದಿದ್ದರೆ ನನ್ನ ಗೇರಿನ ಒಂದಾದರೂ ಹಲ್ಲನ್ನು ಮುರಿದು, ಅದು ಮೊದಲೇ ಮುರಿದಿತ್ತೆಂದು ಬರುವ ಭಾನುವಾರ ಅಬಿಡ್ಸ್‌ಗೆ ಬಂದು ಸಾಕ್ಷಿ ನುಡಿಯಬೇಕು. ಮಂಡಳಿಯಲ್ಲಿ ನನ್ನ ಮಾತಿಗೆ ಇನ್ನು ಬೆಲೆ ಉಳಿಯುವುದು ಆ ಒಂದು ಹಲ್ಲಿನಿಂದಲೇ.

ಇಷ್ಟಾದರೂ ಬೇರೆ ಗ್ಯಾರೇಜು ಹುಡುಕದ,
ತಮ್ಮ ವಿಶ್ವಾಸಿ,
ವೈಜನಾಥ

ತಾ.ಕ.: ಗಾಡಿಯನ್ನು ಉಪ್ಪಲ್‌ನಿಂದ ತಮ್ಮ ಬೇವಿನ ಮರದವರೆಗೆ ಮಂಡಳಿಯವರೇ ತಳ್ಳಿಕೊಂಡು ಬರುತ್ತಿದ್ದಾರೆ, ಕೂಡಿಸದೆ ಉಳಿದ ಭಾಗಗಳು ಬುತ್ತಿಯ ಬಟ್ಟೆಯಲ್ಲಿವೆ. ಆ ಮೆರವಣಿಗೆಯಲ್ಲಿ ತಮ್ಮ ಭಾಷೆಯ ಹಲ್ಲೂ ಇರುತ್ತದೆ, ನಮ್ಮ ಭಾಷೆಯ ಹಲ್ಲೂ ಇರುತ್ತದೆ.